ಹುಳು ನಮ್ಮದು, ವಿದ್ಯೆ ಜಪಾನಿನದು

ಬೆಂಗಳೂರಿನ ಬಸವನಗುಡಿಯ ಮಗ್ಗುಲಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯಿದೆ. ಅಲ್ಲೀಗ ಹಿಪ್ಪುನೇರಳೆ ತೋಟವಿಲ್ಲ, ಹುಳು ಮನೆಯಿಲ್ಲ, ಹೆಸರಷ್ಟೇ ಉಳಿದಿದೆ. ದೂರದಲ್ಲಿ ಮೇಲೇಳುತ್ತಿರುವ ಆರ್ಥಿಕ ಶಕ್ತಿಯೊಂದಿಗೆ ಚಿಕ್ಕ ನಾಡು ಹೇಗೆ ನಂಟು ಬೆಳೆಸಬೇಕು ಎಂದು ಇವತ್ತು ಎಷ್ಟೋ ದೇಶಗಳು ಕೇಳುತ್ತಿವೆ. ಈ ಬಡಾವಣೆಯ ಹೆಸರಿನಲ್ಲೇ ಒಂದು ಉತ್ತರವಿದೆ: ಸರಕು ತರಿಸುವ ನಂಟಿಗಿಂತ ಕಸುಬು ಕಲಿಯುವ ನಂಟು ಗಟ್ಟಿ. ಆದರೆ ಕಲಿತದ್ದನ್ನು ಕಾಪಾಡುವ ಸಂಸ್ಥೆ ನಮ್ಮದೇ ಆಗಿರಬೇಕು.

19ನೇ ಶತಮಾನದ ಕೊನೆಗೆ ಜಪಾನ್ ರೇಷ್ಮೆ ಮಾರಿದ ಹಣದಲ್ಲಿ ಕೈಗಾರಿಕೆ ಕಟ್ಟುತ್ತಿತ್ತು. ಇತ್ತ ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದ ಬಂದ ರೇಷ್ಮೆ ಕಸುಬು ಹುಳುವಿನ ರೋಗಕ್ಕೆ ಸಿಕ್ಕಿ ಸೊರಗಿತ್ತು. 1893ರಲ್ಲಿ ಜಪಾನ್ ಕಂಡಿದ್ದ ಜಮ್‌ಶೆಟ್‌ಜಿ ಟಾಟಾ ಅಲ್ಲಿಯ ತಜ್ಞರನ್ನು ಬೆಂಗಳೂರಿಗೆ ಕರೆಸಿ ಈ ಫಾರಂ ಆರಂಭಿಸಿದರು. ಮೈಸೂರು ಸರ್ಕಾರ ಜಮೀನನ್ನೂ ವಾರ್ಷಿಕ ನೆರವನ್ನೂ ಕೊಟ್ಟಿತು. ಹುಳು ಸಾಕುವ, ನೂಲು ಬಿಚ್ಚುವ ಜಪಾನಿ ಪದ್ಧತಿಯನ್ನು ಇಲ್ಲಿಯವರು ಕಲಿತರು. 1898ರಲ್ಲಿ ಜಪಾನಿಗೆ ಹೋಗಿದ್ದ ವಿಶ್ವೇಶ್ವರಯ್ಯನವರು ಮುಂದೆ ದಿವಾನರಾದಾಗ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಬಂತು. ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರೂ ಬಂದರು. ಮೈಸೂರು ಒಬ್ಬನೇ ಗುರುವಿಗೆ ಜೋತುಬೀಳಲಿಲ್ಲ. ಕಡೆಗೆ ರೈತರ ಮನೆ ಸೇರಿದ್ದು ಮೈಸೂರು ತಳಿಗೆ ಹೊರಗಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಕೊಡುವ ಹುಳು) ಕೂಡಿಸಿದ ಮಿಶ್ರತಳಿ: ಇಲ್ಲಿಯ ಬಿಸಿಲು ತಾಳುವ ಗುಣ, ಅಲ್ಲಿಯ ಇಳುವರಿ.

ಮೈಸೂರು ಸ್ವತಂತ್ರ ದೇಶವಾಗಿರಲಿಲ್ಲವಲ್ಲ ಎನ್ನಬಹುದು. ನಿಜ, ಬ್ರಿಟಿಷರ ಅಧೀನ ಸಂಸ್ಥಾನಕ್ಕೆ ರಾಯಭಾರಿ ಕಳಿಸುವ ಹಕ್ಕೇ ಇರಲಿಲ್ಲ. ಅಷ್ಟು ಕೈಕಟ್ಟಿದ್ದರೂ ವಿದ್ಯೆ ತರಲು ಸಾಧ್ಯವಾಯಿತೆಂದರೆ, ಸ್ವತಂತ್ರ ದೇಶಗಳಿಗೆ ಯಾವ ನೆಪವಿದೆ? ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. 1930ರ ದಶಕದಲ್ಲಿ ಜಪಾನ್, ಚೀನಾಗಳ ಅಗ್ಗದ ರೇಷ್ಮೆ ನುಗ್ಗಿ ನಮ್ಮ ಬೆಳೆಗಾರರನ್ನು ಹಣ್ಣುಮಾಡಿತು. ಗುರುವೇ ಪೈಪೋಟಿಗೆ ನಿಂತ. ವ್ಯಾಪಾರದಲ್ಲಿ ಸ್ನೇಹ ಶಾಶ್ವತವಲ್ಲ, ಅದನ್ನು ಒಪ್ಪಲೇಬೇಕು. ಆದರೆ ಆಮದು ಸುಂಕ ಹಾಕಿ ಕಾಪಾಡಿಕೊಳ್ಳಲು ನಮ್ಮಲ್ಲೊಂದು ಕಸುಬು ಇತ್ತು. ಬರೀ ನೂಲು ಕೊಳ್ಳುವವರಾಗಿದ್ದರೆ ಕಾಪಾಡಲು ಏನಿರುತ್ತಿತ್ತು?

1991ರಲ್ಲಿ ಮತ್ತೆ ಜಪಾನಿನ ನೆರವಿನಿಂದ ದ್ವಿತಳಿ ಯೋಜನೆ ಶುರುವಾಯಿತು. ಈ ಸಲ ಸಿಎಸ್‌ಆರ್ ಎಂಬ ದ್ವಿತಳಿ ಹುಳುಗಳು ರೂಪುಗೊಂಡದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ, ನಮ್ಮ ವಿಜ್ಞಾನಿಗಳ ಕೈಯಲ್ಲಿ. ಹಾಗಾಗಿ ಯಾವುದೇ ದೊಡ್ಡ ದೇಶದ ಜತೆ ಒಪ್ಪಂದವಾದಾಗ ಮೊತ್ತ ಎಷ್ಟು ಎಂದು ಕೇಳುವ ಮೊದಲು ಒಂದು ಮಾತು ಕೇಳಿ: ತಜ್ಞರು ಊರಿಗೆ ಮರಳಿದ ಮೇಲೆ ನಮ್ಮವರ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು?