ಹಬ್ಬದ ಮಾತ್ರೆ, ಮೂರು ತಿಂಗಳ ಸೂಜಿ



ಶ್ರಾವಣ ಹತ್ತಿರವಾದರೆ ನನ್ನ ಒಪಿಡಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ‘ಮೇಡಂ, ವರಮಹಾಲಕ್ಷ್ಮಿ ಪೂಜೆ ಇದೆ. ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಬರ್ಕೊಡಿ.’ ಕೇಳಿ ತೆಗೆದುಕೊಳ್ಳುವವರಾದರೂ ವಾಸಿ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಮಾತ್ರೆಯನ್ನು ಗಂಡನೋ ತಮ್ಮನೋ ಅಂಗಡಿಯಿಂದ ತಂದುಕೊಡುತ್ತಾನೆ, ಅದರ ಹೆಸರೂ ಅವರಿಗೆ ತಿಳಿದಿರುವುದಿಲ್ಲ.

ಅದರ ಹೆಸರು ನೊರೆಥಿಸ್ಟೆರಾನ್. ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು ಹೊತ್ತು. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಇದೇ ನೊರೆಥಿಸ್ಟೆರಾನನ್ನು ದಿನಕ್ಕೆ 0.35 ಮಿಲಿಗ್ರಾಂನಂತೆ, ಒಂದು ದಿನವೂ ಬಿಡದೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನುಂಗಿದರೆ ಅದು ಗರ್ಭನಿರೋಧಕ. ಔಷಧ ಒಂದೇ, ಪ್ರಮಾಣದಲ್ಲಿ ನಲವತ್ತು ಪಟ್ಟಿಗೂ ಮಿಕ್ಕಿದ ಅಂತರ. ಹಬ್ಬದ ಮಾತ್ರೆ ನುಂಗುತ್ತಿದ್ದಾಗ ಗರ್ಭವೂ ನಿಲ್ಲುವುದಿಲ್ಲವೆಂದು ನಂಬಿದ್ದ ಒಬ್ಬ ತಾಯಿ, ಮಾತ್ರೆ ಬಿಟ್ಟು ಎರಡು ವಾರವಾದರೂ ಮುಟ್ಟಾಗಲಿಲ್ಲವೆಂದು ನನ್ನಲ್ಲಿಗೆ ಬಂದರು. ಗರ್ಭ ನಿಂತಿತ್ತು. ‘ಇದೂ ಹಾರ್ಮೋನ್ ಮಾತ್ರೆ ತಾನೆ ಮೇಡಂ?’ ಎಂದು ಅವರು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ಪ್ರಶ್ನೆಗೆ ಉತ್ತರ ಮಾತ್ರೆ ಕೊಡುವ ದಿನವೇ ಅವರಿಗೆ ಸಿಗಬೇಕಿತ್ತು.

‘ಹಾರ್ಮೋನ್’ ಎಂಬ ಒಂದೇ ಮಾತಿನಲ್ಲಿ ನಾವು ಎಷ್ಟೆಲ್ಲ ಔಷಧಗಳನ್ನು ಮುಚ್ಚಿಡುತ್ತಿದ್ದೇವೆ ನೋಡಿ. ಅಂಡಾಶಯದಲ್ಲಿ ಹುಟ್ಟುವ ಪ್ರೊಜೆಸ್ಟೆರಾನನ್ನು ಹಾಗೆಯೇ ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ. ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಅದರ ಕೆಲಸ ಮಾಡುವ ಬೇರೆ ಅಣುಗಳನ್ನು ಕಟ್ಟಿದರು. 1951ರಲ್ಲಿ ಮೆಕ್ಸಿಕೊ ನಗರದ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸ್ಸಿ ಅವರ ತಂಡದ ಲೂಯಿಸ್ ಮಿರಾಮೊಂಟೆಸ್ ಎಂಬ ತರುಣನ ಕೈಯಲ್ಲಿ ನೊರೆಥಿಸ್ಟೆರಾನ್ ಹುಟ್ಟಿತು. ಅದು ಟೆಸ್ಟೊಸ್ಟೆರಾನ್ ವಂಶದ್ದು, ಆದ್ದರಿಂದ ಕೆಲವರಿಗೆ ಮೊಡವೆ ಬರುತ್ತದೆ. ಡ್ರೊಸ್ಪೈರೆನಾನ್ ಮೂತ್ರ ಹೆಚ್ಚಿಸುವ ಔಷಧವೊಂದರ ನೆಂಟ, ಕಿಡ್ನಿ ತೊಂದರೆಯಿರುವವರಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು. ಡೈಡ್ರೊಜೆಸ್ಟೆರಾನ್ ಮುಟ್ಟನ್ನು ಸರಿಪಡಿಸುತ್ತದೆ, ಆದರೆ ಸಾಮಾನ್ಯ ಪ್ರಮಾಣದಲ್ಲಿ ಅಂಡೋತ್ಪತ್ತಿಯನ್ನು ತಡೆಯುವುದಿಲ್ಲ. ಗರ್ಭನಿರೋಧಕವೆಂದು ಅದನ್ನು ನೆಚ್ಚುವಂತಿಲ್ಲ. ಅಂದಹಾಗೆ, ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಗರ್ಭನಿರೋಧಕ ಮಾತ್ರೆ ‘ಛಾಯಾ’ ಈ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಅದರಲ್ಲಿ ಹಾರ್ಮೋನ್ ಇಲ್ಲ.

ಇನ್ನೊಂದು ವಿಷಯವನ್ನು ವೈದ್ಯರೂ ಮರೆಯುತ್ತಾರೆ. ದೊಡ್ಡ ಪ್ರಮಾಣದ ನೊರೆಥಿಸ್ಟೆರಾನ್‌ನ ಒಂದು ಸಣ್ಣ ಪಾಲು ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ಸಂಯುಕ್ತ ಗರ್ಭನಿರೋಧಕ ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹುಟ್ಟಿಸುವುದು ಇದೇ ವಸ್ತು. ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಯಾತ್ರೆಯ ನೆಪದಲ್ಲಿ ಈ ಮಾತ್ರೆ ಕೊಡುವುದು ಸಣ್ಣ ತಪ್ಪಲ್ಲ. ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮಾತ್ರೆ ಹೀಗೆ ಮಾರ್ಪಡುವುದಿಲ್ಲ. ಮೆಡಿಕಲ್ ಶಾಪ್ ನಡೆಸುವ ಸಹೋದರರೆ, ಮಾತ್ರೆ ಕೊಡುವ ಮುಂಚೆ ಕಾಲು ಊತ, ಉಬ್ಬಸ, ಕಣ್ಣಿಗೆ ಮಿಂಚು ಕಾಣುವ ತಲೆನೋವು ಎಂದಾದರೂ ಇತ್ತೇ ಎಂದು ಕೇಳಿ. ಇತ್ತು ಎಂದರೆ ನಮ್ಮಲ್ಲಿಗೆ ಕಳಿಸಿ.

ಪ್ರೊಜೆಸ್ಟೆರಾನ್ ಕುಟುಂಬದ ದಿನದ ಗರ್ಭನಿರೋಧಕ ಮಾತ್ರೆಗಳಲ್ಲೂ ಒಂದರಂತೆ ಇನ್ನೊಂದಿಲ್ಲ. ಹಳೆಯವನ್ನು ಮೂರು ಗಂಟೆ ತಡಮಾಡಿದರೂ ರಕ್ಷಣೆ ಸಡಿಲ. ಡೆಸೊಜೆಸ್ಟ್ರೆಲ್‌ಗೆ ಹನ್ನೆರಡು ಗಂಟೆಯ ಅವಕಾಶವಿದೆ, ಡ್ರೊಸ್ಪೈರೆನಾನ್‌ಗೆ ಇಪ್ಪತ್ನಾಲ್ಕು. ಗಾರ್ಮೆಂಟ್ಸ್‌ನಲ್ಲಿ ಪಾಳಿ ಬದಲಾಗುತ್ತಲೇ ಇರುವ ಹುಡುಗಿಗೆ ಈ ವ್ಯತ್ಯಾಸವೇ ಮುಖ್ಯ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಈ ಮಾತ್ರೆಗಳೂ ತೋಳಿನ ಇಂಪ್ಲಾಂಟೂ ದುರ್ಬಲವಾಗುತ್ತವೆ; ಮೂರು ತಿಂಗಳ ಸೂಜಿ, ಗರ್ಭಚೀಲದಲ್ಲಿಡುವ ಹಾರ್ಮೋನ್ ವಂಕಿ ಎರಡೂ ತಮ್ಮ ಬಲ ಕಳೆದುಕೊಳ್ಳುವುದಿಲ್ಲ.

ಆ ವಂಕಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 52 ಮಿಲಿಗ್ರಾಂ ಲೆವೊನೊರ್‌ಜೆಸ್ಟ್ರೆಲ್ ಇರುವ ಈ ಸಾಧನವನ್ನು ಫಿನ್ಲೆಂಡಿನ ಟಪಾನಿ ಲೂಕ್ಕಾಯ್ನೆನ್ ರೂಪಿಸಿದರು. ಮೊದಮೊದಲು ದಿನಕ್ಕೆ ಸುಮಾರು 20 ಮೈಕ್ರೊಗ್ರಾಂನಷ್ಟು ಔಷಧ ಗರ್ಭಚೀಲದೊಳಗೇ ಒಸರುತ್ತದೆ, ಒಳಪದರ ತೆಳುವಾಗುತ್ತದೆ, ರಕ್ತಸ್ರಾವ ಬಹುಮಟ್ಟಿಗೆ ಇಳಿಯುತ್ತದೆ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಥವರಲ್ಲಿ ಮೂವತ್ತೈದು ವಯಸ್ಸಿನ ಒಬ್ಬಾಕೆ ‘ತುಂಬಾ ಹೋಗ್ತಿದೆ’ ಎಂದು ಬಂದರೆ, ಕಾರಣ ಹುಡುಕದೆಯೇ ಗರ್ಭಚೀಲ ತೆಗೆಸಿಬಿಡಿ ಎನ್ನುವ ರೂಢಿ ನಮ್ಮ ನಡುವೆ ಇದೆ. ಇದನ್ನು ಈ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ ಹೇಳುತ್ತಿದ್ದೇನೆ: ಗಡ್ಡೆ, ಥೈರಾಯ್ಡ್, ವಯಸ್ಸಾದವರಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಕತ್ತರಿ ಎತ್ತುವ ಮುಂಚೆ ಈ ವಂಕಿಯ ಮಾತು ಬರಲೇಬೇಕು. ಬೆಲೆ ಸಾವಿರಾರು ರೂಪಾಯಿ. ಕೂಲಿಯ ಹೆಣ್ಣುಮಗಳ ಕೈಗೆ ಅದು ಎಟುಕದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ಸಿಗಬೇಕೆಂಬ ನಿರ್ಣಯವನ್ನು ಈ ಸಮ್ಮೇಳನ ಅಂಗೀಕರಿಸಬೇಕೆಂದು ಕೋರುತ್ತೇನೆ.

ಇನ್ನು ಸೂಜಿ. 2017ರಿಂದ ‘ಅಂತರ’ ಹೆಸರಿನಲ್ಲಿ ಸರ್ಕಾರ ಉಚಿತವಾಗಿ ಕೊಡುತ್ತಿರುವ ಮೆಡ್ರಾಕ್ಸಿಪ್ರೊಜೆಸ್ಟೆರಾನ್, ಮೂರು ತಿಂಗಳಿಗೊಮ್ಮೆ. ಹಾಲೂಡಿಸುವ ತಾಯಂದಿರಿಗೆ ಹೆರಿಗೆಯಾಗಿ ಆರು ವಾರದ ನಂತರ ಕೊಡಬಹುದು. ಮನೆಯವರ ಕಣ್ಣಿಗೆ ಬೀಳದೆ ತನ್ನ ದೇಹವನ್ನು ತಾನೇ ನೋಡಿಕೊಳ್ಳಬೇಕಾದ ಹೆಣ್ಣಿಗೆ ಇದು ದೊಡ್ಡ ಆಸರೆ. ಆದರೆ ಬಿಟ್ಟ ಮೇಲೆ ಮತ್ತೆ ಬಸಿರಾಗಲು ತಿಂಗಳುಗಳೇ ಹಿಡಿಯುತ್ತವೆ, ಮೂಳೆಯ ಸಾಂದ್ರತೆ ಕೊಂಚ ತಗ್ಗುತ್ತದೆ, ಕೆಲವರ ತೂಕ ಏರುತ್ತದೆ. 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು, ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲಿ ಮೆನಿಂಜಿಯೋಮಾ ಎಂಬ ಅಪರೂಪದ ಗಡ್ಡೆಯ ಸಂಭವ ಹೆಚ್ಚುವುದನ್ನು ಕಂಡಿತು. ಎಷ್ಟೇ ಅಪರೂಪವಾಗಿರಲಿ, ಹೇಳಬೇಕು.

ಹೇಳದೆ ಕೊಟ್ಟಾಗ ಏನಾಯಿತೆಂದು ನಮ್ಮ ನೆರೆಯಲ್ಲೇ ಕಂಡಿದ್ದೇವೆ. 1980ರ ದಶಕದಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ನೊರೆಥಿಸ್ಟೆರಾನ್ ಎನಾಂಥೇಟ್ ಚುಚ್ಚುಮದ್ದಿನ ಪ್ರಯೋಗಕ್ಕೆ ಹೆಂಗಸರನ್ನು ಸೇರಿಸಿಕೊಂಡಾಗ, ಅದು ಪ್ರಯೋಗವೆಂಬುದೇ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಮಹಿಳಾ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಹಬ್ಬದ ಮಾತ್ರೆಯ ಅದೇ ನೊರೆಥಿಸ್ಟೆರಾನ್, ಎಣ್ಣೆಯಲ್ಲಿ ಕರಗಿಸಿದ ಸೂಜಿಯ ರೂಪದಲ್ಲಿ.

ಹೇಗೆ ಹೇಳುತ್ತೇವೆ ಎಂಬುದೂ ಮುಖ್ಯ. ‘ಅಂತರ’ ಪಡೆದವರಲ್ಲಿ ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧ ಮಂದಿಗೆ ಮುಟ್ಟು ನಿಲ್ಲುತ್ತದೆ. ಇದರಿಂದ ಅಪಾಯವಿಲ್ಲ. ಆದರೂ ಕೆಟ್ಟ ರಕ್ತ ಹೊಟ್ಟೆಯೊಳಗೆ ಉಳಿಯಿತೆಂಬ ಹೆದರಿಕೆಯಿಂದ ಎರಡನೆಯ ಸೂಜಿಗೆ ಬಾರದವರು ಬಹಳ. ಇದನ್ನು ವಿವರಿಸಲು ನಾನು ಚಿತ್ರಪಟ ತೋರಿಸಿ ಒದ್ದಾಡುತ್ತಿದ್ದಾಗ, ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆಯೊಬ್ಬರು ಆ ಹೆಣ್ಣುಮಗಳ ಕೈ ಹಿಡಿದು ಹೇಳಿದರು: ‘ಹಾಸಿಗಿ ಹಾಸಿದ್ರಲ್ಲೇನವ್ವಾ ಮಡಚೂದು? ಈ ಸೂಜಿ ಹಾಸಿಗೀನ ಹಾಸಗೊಡೂದಿಲ್ಲ. ಒಳಗ ಏನೂ ಉಳದಿಲ್ಲ.’ ಆಕೆ ನಕ್ಕಳು, ಮೂರು ತಿಂಗಳಿಗೆ ಮತ್ತೆ ಬಂದಳು.

ಆ ಕಾರ್ಯಕರ್ತೆ ಇವತ್ತು ಈ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಹತ್ತು ನಿಮಿಷವಿದೆ. ಮೈಕನ್ನು ದಯವಿಟ್ಟು ಅವರ ಕೈಗೆ ಕೊಡಿ.