ಲೇತಿನ ಮುಂದೆ ನಿಲ್ಲುವ ಮೊದಲು

(ಖಾನಾಪುರ ತಾಲೂಕಿನ ಯುವಕ ಮಂಡಳಿಯೊಂದರ ಸಭೆಯಲ್ಲಿ ಹಳ್ಳಿ ಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಕಲಿತವನು. ಭತ್ತದ ಸಸಿಮಡಿ, ಬೀಜೋಪಚಾರ, ಕಾಂಪೋಸ್ಟ್ ಗುಂಡಿ ಇವುಗಳ ಮಾತು ಹೇಳಲು ತಮ್ಮ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಈ ಹೊತ್ತು ಕಬ್ಬಿಣದ ಕೆಲಸದ ಮಾತು ಎತ್ತಿದರೆ, ಇವರಿಗೇಕೆ ಈ ಉಸಾಬರಿ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಿದೆ. ಕಳೆದ ತಿಂಗಳು ಈ ಊರಿನ ಮೂವರು ಹುಡುಗರು ಬಂದು, "ಬೆಳಗಾವಿಗೆ ಲೇತ್ ಕೆಲಸ ಕಲೀಲಿಕ್ಕೆ ಹೊಂಟೇವ್ರಿ, ಮನ್ಯಾಗ ಒಂದ್ ಮಾತ ಹೇಳ್ರಿ" ಎಂದು ಕೇಳಿದರು. ಮರುದಿನ ಅವರಲ್ಲಿ ಒಬ್ಬನ ತಂದೆಯವರು ಬಂದು, "ಸಾಹೇಬರ, ನಮ್ಮ ಹುಡುಗಗ ಹೋಗಬ್ಯಾಡ ಅಂತ ಒಂದ್ ಮಾತ ಹೇಳ್ರಿ" ಎಂದರು. ಆಗ ಇಬ್ಬರಿಗೂ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಈಗ ಎಲ್ಲರೆದುರಿಗೆ ಕೊಡುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. ಒಕ್ಕಲುತನಕ್ಕೂ ಯಂತ್ರದ ಕೆಲಸಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಡಿರಿ. 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಅವರು ಕೈಯಿಟ್ಟದ್ದು ಯಾವುದಕ್ಕೆ? ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರೆಂದೂ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದೂ ಹೇಳುತ್ತಾರೆ. 1910ರಲ್ಲಿ ಅವರು ಔಂಧ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರು ಹೋದರೂ ಬೆಳಗಾವಿಯಲ್ಲಿ ಕಬ್ಬಿಣದ ಕೆಲಸ ನಿಲ್ಲಲಿಲ್ಲ. ಖಾನಾಪುರದಿಂದ ಬಸ್ಸಿನಲ್ಲಿ ಹೋಗುವವರು ಮಚ್ಛೆ, ಪೀರನವಾಡಿ ದಾಟಿದರೆ ಉದ್ಯಮಬಾಗ ಬರುತ್ತದೆ. ಅಲ್ಲಿ ಎರಕದ ಕಾರಖಾನೆಗಳೂ ಯಂತ್ರಶಾಲೆಗಳೂ ಸಾಲಾಗಿವೆ. ಎರಕದವರು ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಯಂತ್ರಶಾಲೆಯವರು ಆ ಒರಟು ಎರಕವನ್ನು ಅಳತೆಗೆ ತಂದು ಪಂಪು, ವಾಲ್ವು, ಮೋಟಾರು ಗಾಡಿಗಳ ಭಾಗ ಮಾಡುತ್ತಾರೆ. ಈ ಎರಡನೆಯ ಕೆಲಸ ಮಾಡುವವನೇ ಮಶಿನಿಸ್ಟ್.

ಆ ಕೆಲಸ ಎಂಥದೆಂದು ತಾಯಂದಿರಿಗೂ ತಿಳಿಯಬೇಕು. ನಮ್ಮ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಶಿಕ್ಷಣ ಸಂಸ್ಥೆ ಇಲ್ಲಿಯೇ ಇದೆ. ಕುಂಬಾರರ ತಿಗರಿಯನ್ನು ತಾವೆಲ್ಲರೂ ನೋಡಿದ್ದೀರಿ. ಮಣ್ಣು ತಿರುಗುತ್ತದೆ, ಕೈ ಸ್ಥಿರವಾಗಿರುತ್ತದೆ, ಗಡಿಗೆ ಏಳುತ್ತದೆ. ಲೇತ್ ಕೂಡ ಹಾಗೆಯೇ: ಅದು ಮಲಗಿದ ತಿಗರಿ. ಕಬ್ಬಿಣ ಚಕ್ಕಿನಲ್ಲಿ ಕಚ್ಚಿಕೊಂಡು ತಿರುಗುತ್ತದೆ, ಹರಿತವಾದ ಟೂಲು ಸ್ಥಿರವಾಗಿ ನಿಂತು ಅದರ ಮೈ ಕೆರೆಯುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದಕ್ಕೆ ವಿರುದ್ಧ: ಹಲ್ಲುಳ್ಳ ಕಟರು ತಿರುಗುತ್ತದೆ, ಕಬ್ಬಿಣ ಅದರ ಕೆಳಗೆ ಮೆಲ್ಲನೆ ಸರಿಯುತ್ತದೆ.

ಒಂದು ವ್ಯತ್ಯಾಸ ದೊಡ್ಡದು. ಗಡಿಗೆ ಸೊಟ್ಟಾದರೆ ಕುಂಬಾರ ಮಣ್ಣನ್ನು ಮತ್ತೆ ಮುದ್ದೆ ಮಾಡುತ್ತಾನೆ. ಸಾಲು ತಪ್ಪಿದರೆ ನಾವು ಮತ್ತೊಮ್ಮೆ ನೇಗಿಲು ಹೊಡೆಯುತ್ತೇವೆ. ಲೇತಿನಲ್ಲಿ ಹೆಚ್ಚು ಕೆರೆದು ತೆಗೆದ ಕಬ್ಬಿಣ ತಿರುಗಿ ಅಂಟುವುದಿಲ್ಲ. ಆದುದರಿಂದ ಅಲ್ಲಿ ಎಲ್ಲಕ್ಕೂ ಮೊದಲು ಕಲಿಸುವುದು ಅಳತೆ. ಮೈಕ್ರೋಮೀಟರ್ ಎಂಬ ಸಾಧನ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ತೋರಿಸುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದರ ಐದರಿಂದ ಹತ್ತು ಪಟ್ಟು ಇರುತ್ತದೆ. ಕಲಿಯುವವನು ಮೊದಲ ತಿಂಗಳುಗಳಲ್ಲಿ ಕಾನಸು ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡುತ್ತಾನೆ. ಅಂಗೈ ಬೊಬ್ಬೆ ಬರುತ್ತದೆ. ಅದು ದಂಡನೆಯಲ್ಲ, ಕಬ್ಬಿಣದ ಸ್ವಭಾವ ಕೈಗೆ ತಿಳಿಯುವುದು ಹಾಗೆಯೇ. ಆಮೇಲೆ ಗುರುತು ಹಾಕುವುದು, ರಂಧ್ರ ಕೊರೆಯುವುದು, ಲೇತಿನಲ್ಲಿ ಮುಖ ಸಮ ಮಾಡುವುದು, ದುಂಡು ಮಾಡುವುದು, ಇಳಿಜಾರು ಮಾಡುವುದು, ಆಟೆ ಹಾಕುವುದು, ಕಡೆಗೆ ಮಿಲ್ಲಿಂಗ್ ಮತ್ತು ಗ್ರೈಂಡಿಂಗ್. ಯಂತ್ರಶಾಲೆಯಲ್ಲಿ ಕನ್ನಡ, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ನಕ್ಷೆಯ ಭಾಷೆ ಗೆರೆ ಮತ್ತು ಅಂಕಿ. ಅದನ್ನು ಓದಬಲ್ಲವನಿಗೆ ಯಾವ ಊರಲ್ಲಿಯೂ ಕೆಲಸಕ್ಕೆ ಅಂಜಿಕೆಯಿಲ್ಲ.

ಇನ್ನು ನನ್ನ ಮನೆಯ ಮಾತು. ಇದನ್ನು ಹೇಳದೆ ಬಿಟ್ಟರೆ ನನ್ನ ಭಾಷಣ ಸುಳ್ಳಾಗುತ್ತದೆ.

ನಮಗೆ ಮೂರು ಎಕರೆ ಭತ್ತದ ಗದ್ದೆ. ನನ್ನ ತಮ್ಮ ಹತ್ತನೆಯ ಇಯತ್ತೆ ಪಾಸಾದಾಗ ನಾನೇ ಅವನನ್ನು ಬೆಳಗಾವಿಯ ಒಂದು ಸಣ್ಣ ಯಂತ್ರಶಾಲೆಗೆ ಕರೆದೊಯ್ದು ಬಿಟ್ಟೆ. ಮಾಲಕರು "ಕೆಲಸ ಕಲೀಲಿ, ಊಟದ ಖರ್ಚ ಕೊಡ್ತೇವಿ" ಎಂದರು. ಮಾತು ಸಿಹಿಯಾಗಿತ್ತು, ನಾನು ಕಾಗದ ಕೇಳಲಿಲ್ಲ. ಎಂಟು ತಿಂಗಳು ಅವನು ನೆಲ ಗುಡಿಸಿದ, ಚಹಾ ತಂದ, ಎರಕ ಹೊತ್ತ. ಒಂಬತ್ತನೆಯ ತಿಂಗಳು, ಕೊರೆಯುವ ಯಂತ್ರದ ಆಳು ಬಾರದ ದಿನ, ಅವನನ್ನು ಅಲ್ಲಿ ನಿಲ್ಲಿಸಿದರು. ಕೈಗೆ ಹತ್ತಿಯ ಕೈಚೀಲ ಹಾಕಿಕೊಂಡು, ತಿರುಗುವ ಡ್ರಿಲ್ಲಿಗೆ ಸುತ್ತಿದ ಕಬ್ಬಿಣದ ಸುರುಳಿ ತೆಗೆಯಲು ಹೋದ. ಡ್ರಿಲ್ಲು ಕೈಚೀಲವನ್ನು ಎಳೆದುಕೊಂಡಿತು. ಬಲಗೈಯ ತೋರುಬೆರಳಿನ ತುದಿಯ ಗೆಣ್ಣು ಹೋಯಿತು.

ಮಾಲಕರು ಮೊದಲ ದಿನದ ಔಷಧಕ್ಕೆ ಹಣ ಕೊಟ್ಟರು. ಆಮೇಲೆ ಕೇಳಿದಾಗ, "ಅವನು ನಮ್ಮ ಕೆಲಸಗಾರನಲ್ಲ, ತಾನಾಗಿ ಕಲಿಯಲು ಬಂದವನು" ಎಂದರು. ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದಿತ್ತು. ಓದಿದವನಾದ ನನಗೂ ಆಗ ಅದು ಹೊಳೆಯಲಿಲ್ಲ. ಆಸ್ಪತ್ರೆಯ ಖರ್ಚಿಗೆ ಎಮ್ಮೆ ಮಾರಿದೆವು. ತಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ. "ಅಣ್ಣಾ, ನೀ ಹೋಗು ಅಂದಿ, ನಾ ಹೋದೆ" ಎಂದಷ್ಟೇ ಅಂದ. ಆ ಮಾತು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಮಿತ್ರರೇ, ಬಿತ್ತುವ ಮೊದಲು ಬೀಜ ಪರೀಕ್ಷೆ ಮಾಡಿರಿ ಎಂದು ನಾನು ಊರೂರಿಗೆ ಹೇಳುತ್ತೇನೆ. ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎಷ್ಟು ಮೊಳಕೆ ಬಂದವೆಂದು ಎಣಿಸಿರಿ ಎನ್ನುತ್ತೇನೆ. ಕಾಳಿಗೆ ಇಷ್ಟು ಪರೀಕ್ಷೆ ಮಾಡುವ ನಾನು ತಮ್ಮನನ್ನು ಕಳಿಸುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದುದರಿಂದ ತಾವು ಕೇಳಬೇಕಾದ ಪ್ರಶ್ನೆಗಳನ್ನು ಬರೆದು ತಂದಿದ್ದೇನೆ.

1. ಕರಾರು ಪತ್ರ ಮಾಡುತ್ತೀರಾ? 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಲಿಯುವವನಿಗೂ ಮಾಲಕನಿಗೂ ಲಿಖಿತ ಕರಾರು ಆಗಬೇಕು, ಅದು ಸರಕಾರದಲ್ಲಿ ನೋಂದಣಿಯಾಗಬೇಕು. ಹುಡುಗ ಅಪ್ರಾಪ್ತನಾದರೆ ಪಾಲಕರು ಸಹಿ ಮಾಡಬೇಕು. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಸಣ್ಣ ಸಂಸ್ಥೆಗಳು ಮನಸ್ಸಿದ್ದರೆ ತೆಗೆದುಕೊಳ್ಳಬಹುದು. "ನಮ್ಮದು ಸಣ್ಣ ಅಂಗಡಿ, ಕಾಗದ ಆಗೋದಿಲ್ಲ" ಎಂದು ಯಾರಾದರೂ ಅಂದರೆ ಇದನ್ನು ನೆನಪಿಡಿರಿ.

2. ತಿಂಗಳ ವಿದ್ಯಾರ್ಥಿವೇತನ ಎಷ್ಟು? 2019ರ ನಿಯಮದಲ್ಲಿ ಹತ್ತನೆಯ ಇಯತ್ತೆ ಮುಗಿಸಿದವನಿಗೆ ಕನಿಷ್ಠ 6,000 ರೂಪಾಯಿ, ಐ.ಟಿ.ಐ. ಪ್ರಮಾಣಪತ್ರ ಉಳ್ಳವನಿಗೆ 7,000 ರೂಪಾಯಿ ಎಂದು ಗೊತ್ತು ಮಾಡಿದ್ದರು. ಸೇರುವ ದಿನ ಜಾರಿಯಲ್ಲಿರುವ ದರವನ್ನು ವಿಚಾರಿಸಿಕೊಳ್ಳಿರಿ.

3. ಯಾವ ತಿಂಗಳು ಯಾವ ಯಂತ್ರ ಕಲಿಸುತ್ತೀರಿ? ಕಲಿಸುವವರು ಯಾರು? ಇದಕ್ಕೆ ನೇರ ಉತ್ತರ ಬಾರದಿದ್ದರೆ ಪೊರಕೆಯೇ ಮೊದಲನೆಯ ಯಂತ್ರವೆಂದು ತಿಳಿಯಿರಿ.

4. ಗಾಯವಾದರೆ ಹೊಣೆ ಯಾರದು? ತರಬೇತಿಯ ಕಾಲದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲಕನದೆಂದು ಅದೇ ಕಾಯಿದೆ ಹೇಳುತ್ತದೆ.

5. ಕಡೆಗೆ ಪರೀಕ್ಷೆ, ಪ್ರಮಾಣಪತ್ರ ಉಂಟೇ? ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೈಯಲ್ಲಿದ್ದರೆ ಹುಡುಗ ಬೇರೆ ಊರಲ್ಲಿಯೂ ತನ್ನ ಕಸಬನ್ನು ತೋರಿಸಬಲ್ಲ.

ಹುಡುಗರಿಗೆ ನಾಲ್ಕು ಮಾತು ಬೇರೆ ಹೇಳುತ್ತೇನೆ. ತಿರುಗುವ ಯಂತ್ರದ ಹತ್ತಿರ ಕೈಚೀಲ, ಸಡಿಲ ತೋಳು, ಕೊರಳ ವಸ್ತ್ರ, ಉಂಗುರ, ಕಡಗ ಬೇಡ. ಕಬ್ಬಿಣದ ಸುರುಳಿಯನ್ನು ಯಂತ್ರ ನಿಲ್ಲಿಸಿ ಕೊಕ್ಕೆಯಿಂದಲೋ ಬ್ರಶ್ಶಿನಿಂದಲೋ ತೆಗೆಯಿರಿ, ಕೈಯಿಂದ ಬೇಡ. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲಿ ಬಿಟ್ಟು ಯಂತ್ರ ಚಾಲೂ ಮಾಡಬೇಡಿರಿ. ಅದು ಗುಂಡಿನಂತೆ ಹಾರಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಕಲಿಸದ ಯಂತ್ರದ ಮುಂದೆ ನಿಲ್ಲು ಎಂದರೆ, "ಇದನ್ನ ನನಗ ಇನ್ನೂ ಕಲಿಸಿಲ್ರಿ" ಎಂದು ಹೇಳಲು ನಾಚಬೇಡಿರಿ.

ನನ್ನ ತಮ್ಮ ಏನಾದ ಎಂದು ಕೇಳುತ್ತೀರಿ. ಗಾಯ ಮಾಗಿದ ಮೇಲೆ ಐ.ಟಿ.ಐ. ಸೇರಿ ಮಶಿನಿಸ್ಟ್ ಕಸಬನ್ನು ಎರಡು ವರ್ಷ ಕಲಿತ. ಆಮೇಲೆ ಕರಾರು ಪತ್ರ ಮಾಡಿಕೊಟ್ಟ ಬೇರೊಂದು ಯಂತ್ರಶಾಲೆಯಲ್ಲಿ ಅಪ್ರೆಂಟಿಸ್ ಆದ. ಅವಧಿ ಮುಗಿದೊಡನೆ ಕೆಲಸ ಸಿಗಲಿಲ್ಲ; ತರಬೇತಿ ಕೊಟ್ಟ ಮಾಲಕ ಕೆಲಸವನ್ನೂ ಕೊಡಲೇಬೇಕೆಂದು ಕಾಯಿದೆಯಲ್ಲಿ ಇಲ್ಲ. ಐದು ತಿಂಗಳು ಮನೆಯಲ್ಲಿ ಕುಳಿತ. ಈಗ ಉದ್ಯಮಬಾಗದಲ್ಲಿ ಮಿಲ್ಲಿಂಗ್ ಯಂತ್ರ ನಡೆಸುತ್ತಾನೆ. ತುದಿಯಿಲ್ಲದ ಬೆರಳಿನ ಬದಲು ನಡುಬೆರಳಿನಿಂದ ಮೈಕ್ರೋಮೀಟರ್ ತಿರುಗಿಸುತ್ತಾನೆ.

ಕಡೆಯದಾಗಿ ಆ ತಂದೆಯವರ ಪ್ರಶ್ನೆ: "ಹೊಲಾ ಯಾರ ನೋಡಬೇಕ್ರಿ?" ಯಜಮಾನರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಒಕ್ಕಲುತನ ಬಿಡಿಸಲು ನಾನು ಬಂದವನಲ್ಲ. ಆದರೆ ಮೂರು ಎಕರೆ ಗದ್ದೆಯನ್ನು ಇಬ್ಬರು ಮಕ್ಕಳಿಗೆ ಹಂಚಿದರೆ ಒಂದೂವರೆ ಎಕರೆ. ಮೊಮ್ಮಕ್ಕಳ ಕಾಲಕ್ಕೆ ಬದುಗಳೇ ಉಳಿದಾವು. ಒಬ್ಬ ಗದ್ದೆಯಲ್ಲಿ, ಒಬ್ಬ ಕಸಬಿನಲ್ಲಿ ಇದ್ದರೆ ಗದ್ದೆ ಒಡೆಯುವುದಿಲ್ಲ. ಬೆಳಗಾವಿ ಇಲ್ಲಿಂದ ದೂರದ ದೇಶವಲ್ಲ. ನಾಟಿಗೂ ಸುಗ್ಗಿಗೂ ಹುಡುಗ ರಜೆಯಲ್ಲಿ ಬರುತ್ತಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಪಂಪಿನ ಬುಶ್ ಸವೆದಾಗ, ನನ್ನ ತಮ್ಮ ಅದನ್ನು ಅಳೆದು ಒಯ್ದು, ಮಾಲಕರ ಒಪ್ಪಿಗೆಯಿಂದ ಹೊಸದು ಮಾಡಿ ತಂದು ಕೂಡಿಸಿದ. ನಮ್ಮ ತಾಯಿ ಅವನು ಕಾರಖಾನೆಗೆ ಹೋದ ದಿನದಿಂದ ಆ ಕೆಲಸದ ಹೆಸರೆತ್ತಿರಲಿಲ್ಲ. ಅಂದು ನೀರು ಬಿದ್ದಾಗ ಅವನ ಬೆರಳು ಹಿಡಿದು ನೋಡಿ, "ಹುಷಾರಲೇ ಇರಪ್ಪಾ" ಎಂದರು.

ಆದುದರಿಂದ ನನ್ನ ಉತ್ತರ ಇದು. ಹೋಗಬೇಡ ಎಂದು ನಾನು ಹೇಳಲಾರೆ. ಸುಮ್ಮನೆ ಹೋಗು ಎಂದೂ ಇನ್ನು ಮೇಲೆ ಹೇಳಲಾರೆ. ಬರುವ ಸೋಮವಾರ ಆ ಮೂವರು ಹುಡುಗರೂ ಅವರ ತಂದೆಯವರೂ ನನ್ನೊಡನೆ ಬೆಳಗಾವಿಗೆ ಬರಲಿ. ಸರಕಾರಿ ಐ.ಟಿ.ಐ.ಯಲ್ಲಿ ವಿಚಾರಿಸೋಣ, ಎರಡು ಯಂತ್ರಶಾಲೆಗಳನ್ನು ಕಣ್ಣಾರೆ ನೋಡೋಣ, ಈ ಐದು ಪ್ರಶ್ನೆ ಕೇಳೋಣ. ಉತ್ತರ ಸರಿಯಿದ್ದರೆ ಕಳಿಸೋಣ, ಇಲ್ಲದಿದ್ದರೆ ಅದೇ ಬಸ್ಸಿಗೆ ತಿರುಗಿ ಬರೋಣ.