ಮರದ ತೊಟ್ಟಿ, ಗಾಜಿನ ಮುಖ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವಾರ್ಷಿಕೋತ್ಸವದ ಮರುದಿನ ಬೆಳಿಗ್ಗೆ ಈ ವಾಚನಾಲಯದ ಬಾಗಿಲು ತೆರೆದಾಗ ಕಂಡ ನೋಟವನ್ನು ತಮ್ಮಲ್ಲಿ ಹಲವರು ಮರೆತಿರಲಾರರು. ನೆಲದ ತುಂಬ ನೀರು. ಮೂಲೆಯಲ್ಲಿಟ್ಟಿದ್ದ ಮೀನಿನ ತೊಟ್ಟಿಯಲ್ಲಿ ನಾಲ್ಕು ಬೆರಳಷ್ಟೇ ನೀರು ಉಳಿದಿತ್ತು. ಹನ್ನೆರಡು ಗೋಲ್ಡ್‌ಫಿಶ್‌ಗಳಲ್ಲಿ ಒಂದೂ ಬದುಕಿರಲಿಲ್ಲ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿದ್ದ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳ ಎರಡು ಕಟ್ಟುಗಳು ನೆನೆದು ಮುದ್ದೆಯಾಗಿದ್ದವು. ಮೀನು ಮತ್ತೆ ತರಬಹುದು. ಆ ಸಂಚಿಕೆಗಳಿಗೆ ಬೇರೆ ಪ್ರತಿ ಇಲ್ಲ.

ಆ ತೊಟ್ಟಿಯನ್ನು ಕಟ್ಟಿದವರು ನಾವೇ ನಾಲ್ವರು. ಮಿಲ್ಲಿನಿಂದ ನಿವೃತ್ತರಾದ ಇಬ್ಬರು, ಹೋಟೆಲಿನವರೊಬ್ಬರು, ಮತ್ತು ನಮ್ಮೆಲ್ಲರಿಗೂ ಹಿರಿಯರಾದ ಆಚಾರಿಗಳು. ಕಾರ್ಯಕಾರಿ ಸಮಿತಿಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಆಗ ಎಲ್ಲಿ ತಪ್ಪಿದೆವು, ಈಗ ಎರಡನೆಯ ತೊಟ್ಟಿಯನ್ನು ಹೇಗೆ ಕಟ್ಟಿದ್ದೇವೆ ಎಂಬುದನ್ನು ತಮ್ಮ ಮುಂದೆ ಇಡುವುದು ನ್ಯಾಯವೆಂದು ತೋರಿದ್ದರಿಂದ ಇಂದು ಮಾತನಾಡಲು ಅವಕಾಶ ಕೇಳಿದೆವು.

ಕೂಲಿಯವರ ಸಂಘಕ್ಕೆ ಮೀನಿನ ತೊಟ್ಟಿ ಏಕೆ ಎಂದು ಕೆಲವರು ಕೇಳಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಆರಂಭವಾಗುವವರೆಗೆ ಹೋಟೆಲಿನ ಹುಡುಗರಿಗೆ ಸಿಗುವುದು ಎರಡು ಗಂಟೆಯ ಬಿಡುವು. ಆ ಹೊತ್ತಿನಲ್ಲಿ ಇಲ್ಲಿಗೆ ಬಂದು ಕೂರುವವರಿಗೆ ನೋಡಲು ಏನಾದರೂ ಇರಲಿ ಎಂಬುದಷ್ಟೇ ನಮ್ಮ ಆಸೆ. ಈ ಊರಿಗೆ ಇದು ಹೊಸ ಚಟವೇನೂ ಅಲ್ಲ. ಮದರಾಸು ಮ್ಯೂಸಿಯಂನ ಸೂಪರಿಂಟೆಂಡೆಂಟರಾಗಿದ್ದ ಎಡ್ಗರ್ ಥರ್ಸ್ಟನ್ನರ ಯೋಜನೆಯಂತೆ 1909ರಲ್ಲೇ ಮರೀನಾ ತೀರದಲ್ಲಿ ಮತ್ಸ್ಯಾಲಯವೊಂದು ತೆರೆದಿತ್ತು. ಇಂದು ಪೆರಂಬೂರಿನಿಂದ ಸ್ವಲ್ಪ ದೂರ ಹೋದರೆ ಕೊಳತ್ತೂರು. ಅಲ್ಲಿ ಬೀದಿ ಬೀದಿಗಳಲ್ಲಿ ಬಣ್ಣದ ಮೀನು ಸಾಕುವವರು, ಮಾರುವವರು ಇದ್ದಾರೆ. 1996ರಲ್ಲಿ ಬಿ ಅಂಡ್ ಸಿ ಮಿಲ್ಲು ಮುಚ್ಚಿದ ಮೇಲೆ ನಮ್ಮವರಲ್ಲಿ ಒಂದಿಬ್ಬರು ಅಲ್ಲಿ ತೊಟ್ಟಿ ತೊಳೆಯುವ ಕೆಲಸಕ್ಕೂ ಹೋದದ್ದುಂಟು.

ಇನ್ನು ನಮ್ಮ ತಪ್ಪಿನ ವಿಚಾರ.

ಮರಕ್ಕೂ ನೀರಿಗೂ ಹೊಂದಾಣಿಕೆ ಮಾಡುವುದಕ್ಕೆ ಹಿರಿಯರು ಕಂಡ ದಾರಿಗಳು ಒಂದೆರಡಲ್ಲ. ನಮ್ಮ ಊರ ಕಡೆಯ ಮರಿಗೆಯನ್ನು ನೆನಪು ಮಾಡಿಕೊಳ್ಳಿ. ಇಡೀ ದಿಮ್ಮಿಯನ್ನು ಕೊರೆದು ಮಾಡಿದ್ದಾದ್ದರಿಂದ ಅದಕ್ಕೆ ಸಂದೇ ಇಲ್ಲ. ಸಂದಿಲ್ಲದ ಕಡೆ ಸೋರುವುದೆಲ್ಲಿ? ಇಲ್ಲಿಯ ಮೀನುಗಾರರ ಕಟ್ಟುಮರ ಇನ್ನೂ ಜಾಣತನದ್ದು. ಮರದ ತುಂಡುಗಳನ್ನು ಹಗ್ಗದಿಂದ ಬಿಗಿದದ್ದು, ನೀರು ನಡುವೆ ಹಾಯ್ದುಹೋದರೂ ಚಿಂತೆಯಿಲ್ಲ. ದಡಕ್ಕೆ ಬಂದ ಮೇಲೆ ಬಿಚ್ಚಿ ಮರಳಿನ ಮೇಲೆ ಒಣಗಿಸಿದರಾಯಿತು. ಇಂಗ್ಲಿಷಿನವರು ಆ ಹೆಸರನ್ನೇ ಎತ್ತಿಕೊಂಡು ತಮ್ಮ ಜೋಡಿ ದೋಣಿಗೆ ಇಟ್ಟುಕೊಂಡರು. ಪೀಪಾಯಿಯ ಬಗೆ ಬೇರೆ. ಹಳೆಯ ಕಾಲದ ಮಿಲ್ಲುಗಳ ಬಣ್ಣದ ಖಾತೆಗಳಲ್ಲಿ ಇದ್ದ ಮರದ ತೊಟ್ಟಿಗಳೂ ಅದೇ ಜಾತಿಯವು. ಪಟ್ಟಿಗಳನ್ನು ದುಂಡಗೆ ನಿಲ್ಲಿಸಿ ಸುತ್ತ ಕಬ್ಬಿಣದ ಬಳೆ ತೊಡಿಸುತ್ತಾರೆ. ನೀರು ತುಂಬಿದೊಡನೆ ಮರ ಉಬ್ಬುತ್ತದೆ, ಬಳೆ ಬಿಡುವುದಿಲ್ಲ, ಪಟ್ಟಿಗೆ ಪಟ್ಟಿ ಒತ್ತಿ ಸಂದು ತಾನಾಗಿ ಮುಚ್ಚುತ್ತದೆ. ಆ ತೊಟ್ಟಿ ಒಣಗಿದರೇ ಕಷ್ಟ.

ನಾವು ಮಾಡಿದ್ದೇನು? ಮಾವಿನ ಹಲಗೆ ತಂದು ಚೌಕ ಪೆಟ್ಟಿಗೆ ಹೊಡೆದೆವು. ನೀರು ಕುಡಿದರೆ ಹಲಗೆ ಉಬ್ಬಿ ಸಂದು ಮುಚ್ಚುತ್ತದೆ ಎಂದು ಒಬ್ಬರು, ಬಣ್ಣ ಬಳಿದರೆ ನೀರೇ ತಾಗುವುದಿಲ್ಲ ಎಂದು ಇನ್ನೊಬ್ಬರು. ಇಬ್ಬರ ಮಾತನ್ನೂ ನಡೆಸಿದೆವು! ಚೌಕ ಪೆಟ್ಟಿಗೆಗೆ ಬಳೆ ತೊಡಿಸಲಾಗದು. ಹಲಗೆ ಅಡ್ಡಗಲಕ್ಕೆ ಉಬ್ಬಿತು, ಮೂಲೆಯ ಮೊಳೆಗಳನ್ನು ಸಡಿಲಿಸಿತು, ಉಬ್ಬುವಾಗ ಮೇಲಿನ ಬಣ್ಣದ ಪದರವನ್ನೂ ಬಿರಿಸಿತು. ಬಿರುಕಿನಿಂದ ಇನ್ನಷ್ಟು ನೀರು ಒಳಗೆ ಹೋಯಿತು. ನೀರು ಕುಡಿದು ಬಿಗಿಯುವ ಮರ ಒಂದು ದಾರಿ, ನೀರು ಸೋಂಕದ ಮರ ಇನ್ನೊಂದು ದಾರಿ. ಎರಡರ ನಡುವೆ ಕಾಲಿಟ್ಟು ನಾವು ಬಿದ್ದೆವು.

ಮೀನು ಸತ್ತದ್ದು ಮಾತ್ರ ಸೋರಿಕೆಯಿಂದಲ್ಲ. ಸಭೆಗೆ ಮೊದಲು ತೊಟ್ಟಿ ಸಿದ್ಧವಾಗಬೇಕೆಂಬ ಆತುರದಲ್ಲಿ ಎನಾಮೆಲ್ ಬಳಿದು ಮರುದಿನವೇ ನೀರು ತುಂಬಿದ್ದೆವು. ಅಂದು ಮಧ್ಯಾಹ್ನವೇ ಕುಂದಾಪುರದ ಕಡೆಯ ಸಪ್ಲೈಯರ್ ಹುಡುಗನೊಬ್ಬ ಬಂದು, “ಆಚಾರ್ರೇ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಉಂಟು” ಎಂದಿದ್ದ. ಮೀನು ಕೊಳ್ಳಲು ತನ್ನ ಟಿಪ್ಸಿನ ಹಣ ಕೂಡಿಸಿ ಕೊಟ್ಟವನು ಅವನು. ಅತಿಥಿಗಳು ಬರುವ ಹೊತ್ತೆಂದು ನಾವು ಅವನ ಮಾತಿಗೆ ಕಿವಿಗೊಡಲಿಲ್ಲ.

ಮಲ್ಪೆ ಗಂಗೊಳ್ಳಿಯ ಕಡೆ ಹುಟ್ಟಿದವರಿಗೆ ದೋಣಿಗೆ ಏನು ಬಳಿಯುತ್ತಾರೆಂದು ಹೇಳಬೇಕಾಗಿಲ್ಲ. ಮೀನೆಣ್ಣೆ, ರಾಳ, ಗೇರುಬೀಜದ ಸಿಪ್ಪೆಯ ಎಣ್ಣೆ, ಟಾರು. ಈ ಸಲ ಅದನ್ನೇ ಬಳಿಯೋಣವೆಂಬ ಸಲಹೆಯೂ ಬಂದಿತ್ತು. ಆದರೆ ದೋಣಿಯಲ್ಲಿ ನೀರು ಹೊರಗೆ, ಅದೂ ಇಡೀ ಸಮುದ್ರ. ಹಲಗೆ ಕೊರೆಯುವ ಹುಳುವನ್ನು ದೂರವಿಡುವ ಕಾರವೇ ಅಲ್ಲಿ ಬೇಕಾದದ್ದು. ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಅಕ್ಕತಂಗಿಯರ ಬೆರಳುಗಳನ್ನು ಕಂಡವರಿಗೆ ಆ ಎಣ್ಣೆಯ ಗುಣ ಗೊತ್ತು. ತೊಟ್ಟಿಯಲ್ಲಿ ನೀರು ಒಳಗೆ, ಕೊಡಗಟ್ಟಲೆ ಅಷ್ಟೆ. ಅದರಲ್ಲೇ ಮೀನು ಉಸಿರಾಡಬೇಕು. ಮರವನ್ನು ಉಳಿಸುವ ಲೇಪ ಮೀನನ್ನು ಕೊಲ್ಲುವುದಾದರೆ ಆ ಲೇಪದಿಂದ ನಮಗೇನು?

ಆದುದರಿಂದ ಎರಡನೆಯ ಸಲ ಮೊದಲು ಮರವನ್ನೇ ಬದಲಿಸಿದೆವು. ಪ್ಲೈವುಡ್ಡಿನಲ್ಲಿ ತೆಳುವಾದ ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿರುತ್ತಾರೆ. ನಮ್ಮ ನೇಯ್ಗೆಯ ಹಾಸುಹೊಕ್ಕಿನಂತೆಯೇ ಎನ್ನಿ. ಒಂದು ಉಬ್ಬಲು ಹೋದರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಆದರೆ ಎಲ್ಲವೂ ಅಂಟಿನ ಮೇಲೆ ನಿಂತಿದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ನೀರು ನಿಂತ ಮನೆಗಳಲ್ಲಿ ಅಗ್ಗದ ಪ್ಲೈವುಡ್ಡಿನ ಮಂಚ ಕಪಾಟುಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡದ್ದನ್ನು ಈ ನಗರದವರು ನೋಡಿದ್ದೇವೆ. ಆದ್ದರಿಂದ ಹಲಗೆಯ ಮೇಲಿನ ಮುದ್ರೆ ನೋಡಿ ಕೊಳ್ಳಬೇಕು. ಐಎಸ್ 710 ಎಂದಿದ್ದರೆ ಅದು ದೋಣಿ ಹಡಗುಗಳಿಗಾಗಿಯೇ ಮಾಡಿದ ಮೆರೈನ್ ಪ್ಲೈವುಡ್. ಅದರ ತುಂಡನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡಿರಬೇಕೆಂಬುದು ನಿಯಮ. ಮುದ್ರೆಯನ್ನೂ ನಂಬದ ಆಚಾರಿಗಳು ಅಂಗೈಯಗಲದ ಚೂರೊಂದನ್ನು ಹಳೆಯ ಪಾತ್ರೆಯಲ್ಲಿ ಹಾಕಿ ಒಂದು ಹಗಲೆಲ್ಲಾ ಕುದಿಸಿದರು. ಪದರ ಬಿಡಲಿಲ್ಲ. (ಆ ಪಾತ್ರೆ ಅಡಿಗೆಯದಲ್ಲವೆಂದು ಹೋಟೆಲಿನ ಸೋದರರಿಗೆ ಭರವಸೆ ಕೊಡುತ್ತೇವೆ.)

ತೊಟ್ಟಿಯ ಒಳ ಅಳತೆ ಉದ್ದ 90, ಅಗಲ 40, ಎತ್ತರ 45 ಸೆಂಟಿಮೀಟರು. ಹಲಗೆ 18 ಮಿಲಿಮೀಟರು ದಪ್ಪ. 40 ಸೆಂಟಿಮೀಟರು ನೀರು ನಿಲ್ಲಿಸಿದರೆ 144 ಲೀಟರು, ಎಂದರೆ 144 ಕಿಲೋ ತೂಕ. ಮರಳು, ಗಾಜು, ಪೆಟ್ಟಿಗೆಯದು ಬೇರೆ. ಮುಂದಿನ ಗಾಜಿನ ಮೇಲೆ ನೀರು ಒತ್ತುವ ಒಟ್ಟು ಬಲ ಸುಮಾರು 72 ಕಿಲೋ, ಒಬ್ಬ ಆಳು ಹಗಲು ರಾತ್ರಿ ಅದಕ್ಕೆ ಒರಗಿ ನಿಂತಂತೆ. ನೀರಿನ ಎತ್ತರವನ್ನು ಎರಡರಷ್ಟು ಮಾಡಿದರೆ ಈ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಉದ್ದ ಹೆಚ್ಚಿಸಿ, ಆಳ ಹೆಚ್ಚಿಸಬೇಡಿ ಎಂದು ನಾವು ಹೇಳುವುದು ಇದಕ್ಕಾಗಿ.

ಸಂದುಗಳಿಗೆ ಮೊಳೆ ಬಿಟ್ಟು ಅಂಟು ಹಚ್ಚಿ ಸ್ಕ್ರೂ ಹಾಕಿದೆವು. ಮುಂಭಾಗದ ಹಲಗೆಯಲ್ಲಿ ಸುತ್ತಲೂ 5 ಸೆಂಟಿಮೀಟರು ಅಂಚು ಬಿಟ್ಟು ಕಿಟಕಿ ಕೊರೆದದ್ದಾಯಿತು. ಅನಂತರದ್ದೇ ಲೇಪದ ಕೆಲಸ. ನಾವು ಕಲಿತದ್ದೆಲ್ಲ ಅದರಲ್ಲೇ. ಕಾಶಿಮೇಡು ಬಂದರಿನಲ್ಲಿ ಈಗ ಕಟ್ಟುಮರದ ಜಾಗಕ್ಕೆ ಬಂದಿರುವ ಫೈಬರ್ ದೋಣಿಗಳನ್ನು ನೋಡಿದ್ದೀರಿ. ಗಾಜಿನ ನೂಲಿನ ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ್ದು ಅದು. ನಮ್ಮದೂ ಅದೇ ಉಪಾಯ. ಆದರೆ ಮರಕ್ಕೆ ಚೆನ್ನಾಗಿ ಅಂಟುವುದು ಎಪಾಕ್ಸಿ. ಅದರಲ್ಲಿ ರೆಸಿನ್, ಹಾರ್ಡನರ್ ಎಂದು ಎರಡು ಡಬ್ಬಿ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಸಾಂಬಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಇಲ್ಲಿ ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ಸುಳ್ಳು, ಮಿಕ್ಕದ್ದು ಹಾಗೆಯೇ ಒಳಗುಳಿದು ನೀರಿಗೆ ಇಳಿಯುತ್ತದೆ. ಒಮ್ಮೆಗೆ ಹೆಚ್ಚು ಕಲಸಲೂ ಬಾರದು. ಚೆನ್ನೈಯ ಬಿಸಿಲಿನಲ್ಲಿ ನಾವು ಒಂದು ಚೊಂಬು ಕಲಸಿ, ಕುಂಚ ಹುಡುಕುವಷ್ಟರಲ್ಲಿ ಚೊಂಬು ಕಾದು ಹೊಗೆಯಾಡಿ ಕುಂಚ ಸಹಿತ ಕಲ್ಲಾಯಿತು. ಅನಂತರ ಲೋಟದ ಲೆಕ್ಕದಲ್ಲೇ ಕಲಸಿದೆವು.

ಮೊದಲು ಮೂಲೆಗಳು. ಮರದ ಹುಡಿ ಬೆರೆಸಿದ ಎಪಾಕ್ಸಿಯನ್ನು ಒಳಮೂಲೆಗಳಿಗೆ ಬೆರಳಿನಿಂದ ಸವರಿ ದುಂಡಗೆ ಮಾಡಿ, ಅದರ ಮೇಲೆ ಗಾಜಿನ ಬಟ್ಟೆಯ ಪಟ್ಟಿ ಹಾಸಿದೆವು. ಹಲಗೆಯ ಕೊಯ್ದ ಅಂಚುಗಳು ಬಾಯಾರಿದ ದನದಂತೆ ಕುಡಿಯುತ್ತವೆ. ಅವಕ್ಕೆ ಒಂದು ಕೈ ಹೆಚ್ಚು. ಅನಂತರ ಒಳಗೆಲ್ಲ ಮೂರು ಕೈ. ಇಲ್ಲಿಯ ಗಾಳಿಯ ತೇವಕ್ಕೆ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಏಳುತ್ತದೆ. ಅದನ್ನು ನೀರಿನಿಂದ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜದೆ ಮುಂದಿನ ಕೈ ಬಳಿದರೆ ಅದು ಹಿಡಿಯುವುದಿಲ್ಲ. ನಮಗೆ ಒಂದು ಬದಿಯನ್ನು ಪೂರ್ತಿ ಕೆರೆದು ಮತ್ತೆ ಬಳಿಯಬೇಕಾಯಿತು. ಐಪ್ಪಸಿ ಕಾರ್ತಿಕದ ಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇನ್ನೊಂದು ಮಾತು. ಹಾರ್ಡನರ್ ಚರ್ಮಕ್ಕೆ ತಾಗಿದರೆ ತುರಿಕೆ ಏಳುತ್ತದೆ. ನಾಳೆ ಹಿಟ್ಟು ನಾದಬೇಕಾದ ಕೈ ನಮ್ಮವರದು. ಕೈಚೀಲ ತೊಟ್ಟೇ ಮುಟ್ಟಬೇಕು, ಕಿಟಕಿ ತೆರೆದಿರಬೇಕು.

ಗಾಜನ್ನು ಕಿಟಕಿಗೆ ಒಳಗಡೆಯಿಂದ ಕೂರಿಸಬೇಕು. ಹೀಗೆ ಕೂರಿಸಿದರೆ ನೀರಿನ ಒತ್ತಡವೇ ಗಾಜನ್ನು ಚೌಕಟ್ಟಿಗೆ ಅಮುಕುತ್ತದೆ. ಹೊರಗಡೆಯಿಂದ ಕೂರಿಸಿದರೆ ಅದೇ ಒತ್ತಡ ಗಾಜನ್ನು ಕಳಚಲು ನೋಡುತ್ತದೆ. 8 ಮಿಲಿಮೀಟರು ಗಾಜು ಸಾಕೆಂದು ಅಂಗಡಿಯವರು ಹೇಳಿದರೂ ಒಮ್ಮೆ ಸುಟ್ಟುಕೊಂಡ ನಾವು 10ರದನ್ನೇ ತಂದೆವು. ಅಂಟಿಸಲು ಅಕ್ವೇರಿಯಂ ಸಿಲಿಕೋನ್. ಬಚ್ಚಲುಮನೆಗೆಂದು ಮಾರುವ ಸಿಲಿಕೋನ್‌ನಲ್ಲಿ ಬೂಷ್ಟು ಹಿಡಿಯದ ಔಷಧ ಬೆರೆಸಿರುತ್ತಾರೆ. ಅದು ಮೀನಿಗೆ ವಿಷ. ಸಿಲಿಕೋನ್ ಬರಿಯ ಮರಕ್ಕೆ ನೆಚ್ಚುವಂತೆ ಅಂಟುವುದಿಲ್ಲ, ಆದ್ದರಿಂದ ಚೌಕಟ್ಟಿನ ಅಂಚಿಗೂ ಎಪಾಕ್ಸಿ ಬಳಿದು ಉಜ್ಜಿರಬೇಕು. ಗಟ್ಟಿಯಾಗುವಾಗ ಅದು ವಿನೆಗರಿನ ವಾಸನೆ ಬಿಡುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ನೀರು ತೋರಿಸಕೂಡದು. ಒಂದು ವಾರ ಕಾದೆವು, ಆಚಾರಿಗಳ ಹಟಕ್ಕೆ ಇನ್ನೊಂದು ವಾರ.

ಆಮೇಲೆ ತೊಟ್ಟಿಯನ್ನು ಹಳೆಯ ಪತ್ರಿಕೆಗಳ ಮೇಲೆ (ನಮ್ಮ ಪತ್ರಿಕೆಯಲ್ಲ) ಇಟ್ಟು ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ಮೂರನೆಯ ದಿನ ಪೂರ್ತಿ ನೀರು ತುಂಬಿದೆವು. ಒಂದು ಹನಿ ಬಿದ್ದರೂ ಕಾಗದ ಚಾಡಿ ಹೇಳುತ್ತದೆ. ಎರಡನೆಯ ರಾತ್ರಿ ಎಡಮೂಲೆಯಲ್ಲಿ ರೂಪಾಯಿಯಗಲದ ಒದ್ದೆ ಕಂಡಿತು. ನೀರು ಬಸಿದು, ಒಣಗಿಸಿ, ಆ ಮೂಲೆಯ ಸಿಲಿಕೋನ್ ಕಿತ್ತು ಹೊಸದು ಹಾಕಿ ಮತ್ತೆ ಮೊದಲಿನಿಂದ ಆರಂಭಿಸಿದೆವು. ಈಗ ತುಂಬಿದ ನೀರು ಮೂರು ವಾರದಿಂದ ನಿಂತಿದೆ, ಕಾಗದ ಒಣಗಿಯೇ ಇದೆ. ಮೊದಲ ತುಂಬಿನ ನೀರನ್ನು ಎರಡು ಬಾರಿ ಚೆಲ್ಲಿ ಬದಲಿಸಿದೆವು. ನಲ್ಲಿಯ ನೀರಿನ ಕ್ಲೋರಿನ್ ಬಗ್ಗೆಯೂ ಎಚ್ಚರ ಬೇಕು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕುತ್ತಿದ್ದೇವೆ.

ಖರ್ಚಿನ ವಿಷಯದಲ್ಲಿ ತಮಗೆ ಮೋಸ ಮಾಡಲಾರೆವು. ಎರಡಡಿಯ ತೊಟ್ಟಿ ಬೇಕೆಂದರೆ ಕೊಳತ್ತೂರಿನಲ್ಲಿ ಗಾಜಿನದನ್ನೇ ಕೊಂಡುಕೊಳ್ಳಿ, ಶ್ರಮವೂ ಹಣವೂ ಉಳಿಯುತ್ತದೆ. ಮರ ಲಾಭಕ್ಕೆ ಬರುವುದು ನಾಲ್ಕೈದು ಅಡಿಯ ದೊಡ್ಡ ತೊಟ್ಟಿಗೆ, ಅಲ್ಲಿ ನಾಲ್ಕು ಬದಿಗೆ ದಪ್ಪ ಗಾಜು ಹಾಕುವುದರ ಬದಲು ಒಂದೇ ಬದಿಗೆ ಹಾಕಿದರಾಯಿತು. ನಾವು ಮೂರಡಿಯದನ್ನು ಮರದಲ್ಲೇ ಕಟ್ಟಿದ್ದು ಹಟಕ್ಕೆ. ಸೋರಿದ್ದು ನಮ್ಮ ಕೈಕೆಲಸ. ಅಂಗಡಿಯದನ್ನು ತಂದಿಟ್ಟರೆ ಅದು ತೀರುತ್ತಿರಲಿಲ್ಲ.

ತೊಟ್ಟಿ ಈಗ ಕಪಾಟಿನ ಮೇಲಿಲ್ಲ, ಗೋಡೆಯ ಬದಿಗೆ ಬೇರೆ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ನೆನೆದ ಸಂಚಿಕೆಗಳಲ್ಲಿ ಹಾಳೆ ಬಿಡಿಸಿ ನೆರಳಿನಲ್ಲಿ ಒಣಗಿಸಿದ ಕೆಲವು ಓದಲು ಬರುತ್ತವೆ. ಯಾರ ಮನೆಯಲ್ಲಾದರೂ ಹಳೆಯ ಪ್ರತಿಗಳಿದ್ದರೆ ದಯಮಾಡಿ ಕಾರ್ಯದರ್ಶಿಗಳಿಗೆ ತಿಳಿಸಿರಿ.

ಮೀನು ಇನ್ನೂ ತಂದಿಲ್ಲ. ಮೊದಲು ನಾಲ್ಕೇ ನಾಲ್ಕು ಗಪ್ಪಿ ಬಿಟ್ಟು ಒಂದು ತಿಂಗಳು ನೋಡುವುದೆಂದು ಗೊತ್ತುಮಾಡಿದ್ದೇವೆ. ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿಂದ ಕೊಳತ್ತೂರಿಗೆ ಹೊರಡುತ್ತೇವೆ. ಆ ಕುಂದಾಪುರದ ಹುಡುಗನಿಗೆ ಅಂದು ರಜೆ ಕೊಡಿಸಬೇಕೆಂದು ಅವನ ಜೊತೆಗಾರರನ್ನು ಕೇಳಿಕೊಂಡಿದ್ದೇವೆ. ಅವನ ಪಾಳಿಯನ್ನು ಇಬ್ಬರು ಹಂಚಿಕೊಳ್ಳಲು ಒಪ್ಪಿದ್ದಾರೆ. ಮೀನು ಆರಿಸುವವನು ಅವನೇ.